ಅಜ್ಜನವರ ಜೋಡಿನಳಿಗೆ: ನಮ್ಮ ಸೀಮೆಯಲ್ಲಿ ಬೇಟೆಯ ಬಂದೂಕಿನ ಕಥೆ

ರಾಜ್ಯೋತ್ಸವದ ಸಂಚಿಕೆಯೆಂದರೆ ಪಂಪ ರನ್ನರು, ಹಂಪೆ ಬಾದಾಮಿಗಳು, ವಚನ ಕೀರ್ತನೆಗಳು. ಇವುಗಳ ನಡುವೆ ಬಂದೂಕಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡ ಮನೆತನಗಳ ಅಟ್ಟದ ಮೇಲೆ ತಾಳೆಗರಿಯ ಕಟ್ಟು ಇರುವಂತೆಯೇ, ಎಲ್ಲೋ ಒಂದೆರಡು ಮನೆಗಳ ಗೋಡೆಯ ಮೇಲೆ ಹಳೆಯ ಬಂದೂಕೊಂದು ತೂಗುತ್ತಿದ್ದುದೂ ಉಂಟು. ಅಂಥದೊಂದು ನಮ್ಮ ಮನೆಯಲ್ಲಿತ್ತು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಅದನ್ನೇನು ಮಾಡಬೇಕೆಂಬ ಪ್ರಶ್ನೆ ಅಣ್ಣತಮ್ಮಂದಿರಾದ ನಮ್ಮ ಮುಂದೆ ಬಂತು. ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ದೊರೆತ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಹೆಸರಿನ ಮಾತು. ಕೊಡಗು, ಮಲೆನಾಡು, ಕರಾವಳಿಗಳವರು ಇದನ್ನು ‘ಕೋವಿ’ ಎನ್ನುತ್ತಾರೆ. ಹಳಬರ ಬಾಯಲ್ಲಿ ಇದು ‘ತುಪಾಕಿ’; ಇಲ್ಲಿನ ತೆಲುಗರಲ್ಲಿ ಇಂದಿಗೂ ಅದೇ ಮಾತು. ಕಲಬುರ್ಗಿ, ಬೀದರ, ರಾಯಚೂರಿನ ನಮಗೆ ‘ಬಂದೂಕು’. ಎರಡು ನಳಿಗೆಗಳದಾದರೆ ಅಲ್ಲಿ ‘ಜೋಡಿನಳಿಗೆ’, ಇಲ್ಲಿ ‘ದುನಾಲಿ’. ಒಂದೇ ಸಾಮಾನಿಗೆ ಇಷ್ಟು ಹೆಸರುಗಳಿರುವುದನ್ನು ನೋಡಿದರೆ, ಅದು ನಮ್ಮ ನಾಡಿಗೆ ಒಂದೇ ದಾರಿಯಿಂದ ಬಂದುದಲ್ಲವೆಂಬುದು ಸ್ಪಷ್ಟ.

ಬೇಟೆಯನ್ನೇ ಹೆಸರಾಗಿ ಹೊತ್ತ ಜನ ನಮ್ಮವರಲ್ಲಿದ್ದಾರೆ. ಅವರೇ ಬೇಡರು. 1857ರಲ್ಲಿ ಆಂಗ್ಲರು ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳುವ ಕಾಯದೆಯನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಹೊಲ ಕಾಯುವುದು, ಬೇಟೆಯಾಡುವುದು, ಮಾನದಿಂದ ಬಾಳುವುದು ಎಲ್ಲವೂ ಅವರಿಗೆ ಆಯುಧದೊಡನೆ ಕೂಡಿಕೊಂಡಿದ್ದುವು. ಆ ವರ್ಷದ ನವೆಂಬರ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಹಿಡಿದವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ಶಾಲೆಯಲ್ಲಿ ಓದಿದವರಿಗೆ ಈ ಕಥೆ ಹೊಸದಲ್ಲ.

ನಮ್ಮ ಈ ನಗರಕ್ಕೆ ಇನ್ನೂ ಹತ್ತಿರದ ಕಥೆ ಸುರಪುರದ್ದು. ಅಲ್ಲಿನ ಬೇಡ ಅರಸ ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಸಂಸ್ಥಾನದ ಮೇಲ್ವಿಚಾರಣೆಗೆ ಬಂದ ಮೆಡೋಸ್ ಟೇಲರ್ ಸಾಹೇಬರು ಸ್ವತಃ ಬೇಟೆಗಾರರು. ಹುಡುಗ ಅರಸನು ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಆದರೂ 1858ರ ಫೆಬ್ರುವರಿಯಲ್ಲಿ ಸುರಪುರ ಸಿಡಿದೆದ್ದಿತು. ಸೋಲು ಖಚಿತವಾದಾಗ ಅರಸರು ಹೈದರಾಬಾದಿಗೆ ಬಂದರು. ಇಲ್ಲಿಯೇ ಸೆರೆ ಸಿಕ್ಕರು. ಮರಣದಂಡನೆಯು ಇಳಿದು ಕೆಲವು ವರ್ಷಗಳ ಸೆರೆವಾಸವಾಗಿತ್ತು. ಆ ಸೆರೆಮನೆಗೆ ಹೊರಟ ದಾರಿಯಲ್ಲಿ, ಕಾವಲಿನವನ ಪಿಸ್ತೂಲಿನಿಂದಲೇ ಅವರ ಪ್ರಾಣ ಹೋಯಿತೆಂದು ಟೇಲರರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1860ರ ಒಪ್ಪಂದದಿಂದ ಸುರಪುರ ನಿಜಾಮರ ಪಾಲಾಯಿತು. ನಮ್ಮ ಜಿಲ್ಲೆಗಳಲ್ಲಿ ಬಂದೂಕು ಯಾರ ಕೈಯಲ್ಲಿರಬೇಕೆಂಬುದು ಎಂದೂ ಕೇವಲ ವಿನೋದದ ಪ್ರಶ್ನೆಯಾಗಿರಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಮುಂದೆ ಬೇಟೆ ದೊಡ್ಡವರ ವೈಭವವಾಯಿತು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು (1866-1911) ಹುಲಿಯ ಬೇಟೆಗೆ ಹೆಸರಾದವರು. 1902ರಲ್ಲಿ ವೈಸರಾಯ್ ಕರ್ಜನ್ನರು ವರಂಗಲ್ಲಿನ ನೆಕ್ಕೊಂಡದ ಬಳಿ ಹೊಡೆದ ಹುಲಿಯ ಪಕ್ಕದಲ್ಲಿ ಪತ್ನೀಸಮೇತರಾಗಿ ನಿಂತ ಚಿತ್ರವನ್ನು ರಾಜಾ ದೀನದಯಾಳರ ಛಾಯಾಚಿತ್ರಶಾಲೆ ತೆಗೆದಿದೆ; ಅದು ಇಂದಿಗೂ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಆದರೆ ಗುಮಾಸ್ತರಿಗೆ, ಗೌಡರಿಗೆ, ಶಾಲಾಮಾಸ್ತರರಿಗೆ ಹುಲಿಯೆಲ್ಲಿ ಬಂತು? ಅವರದು ಜೋಳದ ಕೂಳೆಯ ಹೊಲದಲ್ಲಿ ಗೌಜಲಹಕ್ಕಿ, ಲಾವಕ್ಕಿ, ಮೊಲ; ಕೆರೆಯ ಅಂಚಿನಲ್ಲಿ ಬಾತು. ಇದೇ ಸಣ್ಣ ಬೇಟೆ. ಇದಕ್ಕೆ ಬೇಕಾದುದು ಒಂಟಿ ಗುಂಡಿನ ರೈಫಲ್ ಅಲ್ಲ. ಸೀಸದ ಸಣ್ಣ ಕಾಳುಗಳನ್ನು ಚದುರಿ ಹಾರಿಸುವ ನುಣುಪು ನಳಿಗೆಯ ಬಂದೂಕು. ಆ ಕಾಳಿಗೆ ನಮ್ಮ ಕಡೆ ‘ಛರ್ರಾ’ ಎಂಬ ಹೆಸರು.

ನಮ್ಮ ಅಜ್ಜನವರು ಸೇಡಂ ಸೀಮೆಯಿಂದ ನೌಕರಿಗಾಗಿ ಇಲ್ಲಿಗೆ ಬಂದವರು. 1930ರ ದಶಕದಲ್ಲಿ ಅವರು ಬಂದೂಕು ಕೊಳ್ಳಲು ಹೊರಟಾಗ ಜೊತೆಗಿದ್ದ ರಾಯಚೂರಿನ ಗೆಳೆಯರು, “ಗೌಡ್ರ, ಹನ್ನೆರಡು ಬೋರಿಂದು ತಗೋರಿ. ತೋಟಾ ಎಲ್ಲಿ ಹೋದ್ರೂ ಸಿಗತಾವ” ಎಂದರಂತೆ. ಅಜ್ಜನವರು, “ನಾ ಏನು ಹುಲಿ ಹೊಡಿಲಿಕ್ಕೆ ಹೊಂಟೀನೇನ್ರಿ? ದಿನಾ ಹತ್ತು ಮೈಲು ಎರಿಹೊಲ ತುಳಿಯಾಂವ ನಾ, ಹೊರಾಂವನೂ ನಾನ” ಎಂದು ಹೇಳಿ ಇಪ್ಪತ್ತು ಬೋರಿನ ದುನಾಲಿಯನ್ನೇ ಆರಿಸಿದರು. ಈ ಜಗಳ ಮನೆಯಲ್ಲಿ ಎರಡು ತಲೆಮಾರು ನಡೆಯಿತು. ಅದರ ಮರ್ಮವನ್ನು ತಿಳಿಯದವರಿಗಾಗಿ ಎರಡು ಮಾತು ಹೇಳುವುದು ಅವಶ್ಯ.

‘ಬೋರು’ ಎಂಬುದು ಹಳೆಯ ಲೆಕ್ಕ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆಯೋ ಅದೇ ಆ ಬಂದೂಕಿನ ಬೋರು. ಆದುದರಿಂದ ಅಂಕೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರಿನ ಒಳಗಲ ಸುಮಾರು 18.5 ಮಿಲಿಮೀಟರ್, 16ರದು 16.8, 20ರದು 15.6, 28ರದು 14. ಎಲ್ಲಕ್ಕೂ ಸಣ್ಣದಾದ ‘ನಾನೂರ ಹತ್ತು’ ಮಾತ್ರ ಈ ಲೆಕ್ಕದ್ದಲ್ಲ. ಅದು ಅಂಗುಲದ ಸಾವಿರ ಪಾಲಿನಲ್ಲಿ 410, ಅಂದರೆ ಸುಮಾರು 10.4 ಮಿಲಿಮೀಟರ್.

ಸಣ್ಣ ನಳಿಗೆಯ ಬಂದೂಕು ದುರ್ಬಲವಾಗಿ ಹೊಡೆಯುತ್ತದೆಂಬುದು ಜನರ ಸಾಮಾನ್ಯ ಭ್ರಮೆ. ಒಂದೊಂದು ಕಾಳೂ ಹೆಚ್ಚುಕಡಿಮೆ ಅದೇ ವೇಗದಿಂದ ಹೋಗುತ್ತದೆ. ಕಡಿಮೆಯಾಗುವುದು ಕಾಳುಗಳ ಸಂಖ್ಯೆ. ಬ್ರಿಟಿಷ್ ಪದ್ಧತಿಯ 6ನೆಯ ನಂಬರಿನ ಛರ್ರಾ ಔನ್ಸಿಗೆ 270. ರೂಢಿಯ 12 ಬೋರಿನ ತೋಟದಲ್ಲಿ ಅವು ಸುಮಾರು 287, 20 ಬೋರಿನದರಲ್ಲಿ ಸುಮಾರು 219, ಎರಡೂವರೆ ಅಂಗುಲದ ‘ನಾನೂರ ಹತ್ತ’ರಲ್ಲಿ ಸುಮಾರು 118. ಹಕ್ಕಿ ದೂರವಾದಂತೆ ಕಾಳುಗಳ ಹರಹು ತೆಳ್ಳಗಾಗಿ, ನಡುವಿನ ಸಂದಿನಲ್ಲಿ ಹಕ್ಕಿ ಪಾರಾಗುತ್ತದೆ, ಅಥವಾ ಗಾಯಗೊಂಡು ಪೊದೆಯಲ್ಲಿ ನರಳಿ ಸಾಯುತ್ತದೆ. ಆದುದರಿಂದ ಸಣ್ಣ ಬೋರು ಕೊಳ್ಳುವವನು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳಬೇಕು: 12ಕ್ಕೆ ನಲವತ್ತು ಗಜವಾದರೆ ‘ನಾನೂರ ಹತ್ತ’ಕ್ಕೆ ಇಪ್ಪತ್ತೈದು ಗಜವೇ ಗಡಿ. ಅಜ್ಜನವರು ಇದನ್ನು ಬೇಟೆಗಾರನ ಮರ್ಯಾದೆಯೆಂದು ಭಾವಿಸಿದ್ದರು. ಹತ್ತಿರ ಹೋಗಲಾರದವನು ಹೊಡೆಯಕೂಡದು ಎಂಬುದು ಅವರ ಮಾತು.

ನಳಿಗೆ ಎರಡೇಕೆ? ಬಲದ ನಳಿಗೆಯ ಬಾಯಿ ಸಡಿಲ, ಎಡದ್ದು ಬಿಗಿ. ಹತ್ತಿರದಿಂದ ಎದ್ದ ಮೊದಲ ಹಕ್ಕಿಗೆ ಸಡಿಲದ್ದು, ಆ ಸದ್ದಿಗೆ ದೂರದಲ್ಲಿ ಎದ್ದ ಎರಡನೆಯದಕ್ಕೆ ಬಿಗಿಯದ್ದು. ಈ ಆಯ್ಕೆ ಬೆರಳ ತುದಿಯಲ್ಲಿಯೇ ಇರುತ್ತದೆ. ತೂಕದ ಲಾಭವೂ ಉಂಟು: 12 ಬೋರಿನ ಜೋಡಿನಳಿಗೆ ಆರೂವರೆಯಿಂದ ಏಳು ಪೌಂಡು, 20 ಬೋರಿನದು ಆರು ಪೌಂಡಿನ ಒಳಗೆ. ಇನ್ನು ಮರದ ಹಿಡಿ. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೇರಿಸಿ ಕಣ್ಣು ತೆರೆದಾಗ, ನೋಟವು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ನೇರವಾಗಿ ಹರಿದರೆ ಅದು ನಿಮ್ಮದು; ಇಲ್ಲವಾದರೆ ಬೆಲೆ ಎಷ್ಟಿದ್ದರೂ ಪರರದು. ಹಾರುವ ಹಕ್ಕಿಗೆ ಗುರಿ ಹಿಡಿಯಲು ಸಮಯವಿರುವುದಿಲ್ಲ. ಕಣ್ಣು ಹೋದಲ್ಲಿಗೆ ಬಂದೂಕು ಹೋಗಬೇಕು.

ಆದರೂ ಗೆಳೆಯರ ಮಾತು ಸುಳ್ಳಾಗಲಿಲ್ಲ. ಸ್ವಾತಂತ್ರ್ಯಾನಂತರ ಆಮದಿಗೆ ನಿರ್ಬಂಧ ಬಿದ್ದ ಮೇಲೆ ಇಪ್ಪತ್ತು ಬೋರಿನ ತೋಟಾ ಸಿಗುವುದೇ ದುರ್ಲಭವಾಯಿತು. ದೇಶದಲ್ಲಿ ಎಲ್ಲರಿಗೂ ದೊರೆಯುತ್ತಿದ್ದುದು 12 ಬೋರಿನದು. ಬಂಧುಗಳೊಬ್ಬರ 12 ಬೋರು ಸಹ ಮನೆಗೆ ಬಂದುಹೋಗುತ್ತಿತ್ತು. ಒಂದು ಸಲ ನಮ್ಮ ಸಣ್ಣ ತೋಟಾ ಅದರೊಳಗೆ ಜಾರಿ ನಳಿಗೆಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಬಂದೂಕು ಬರಿದಾಗಿದೆಯೆಂದು ತಿಳಿದು ಹಿಂದಿನಿಂದ ದೊಡ್ಡ ತೋಟಾ ಹಾಕಿದ್ದರೆ ನಳಿಗೆಯೇ ಸಿಡಿದು ಕೈ ಹೋಗುತ್ತಿತ್ತು. ಅಜ್ಜನವರು ಬೆಳಕಿಗೆ ಹಿಡಿದು ನೋಡಿದ್ದರಿಂದ ಉಳಿದೆವು. ಈ ಅಪಾಯದ ಸಲುವಾಗಿಯೇ ಇಂದು ಜಗತ್ತಿನ ಬಹುತೇಕ ತಯಾರಕರು 20 ಬೋರಿನ ತೋಟಕ್ಕೆ ಹಳದಿ ಬಣ್ಣ ಕೊಡುತ್ತಾರೆ.

ಬಂದೂಕಿನಿಂದ ವಿದ್ಯೆಯೂ ಬೆಳೆದಿದೆಯೆಂಬುದನ್ನು ಮರೆಯಲಾಗದು. 1931-32ರಲ್ಲಿ ಸಾಲಿಂ ಅಲಿಯವರು ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಮುಂದೆ ಮೈಸೂರು ಸಂಸ್ಥಾನದ್ದನ್ನೂ ಕೈಗೊಂಡರು. ಆ ಕಾಲದಲ್ಲಿ ಹಕ್ಕಿಯನ್ನು ನಿಶ್ಚಯವಾಗಿ ಗುರುತಿಸಬೇಕಾದರೆ ಹೊಡೆದು ಚರ್ಮವನ್ನು ಕಾಪಿಡುವುದೇ ರೂಢಿ. ಗರಿ ಹಾಳಾಗದಿರಲೆಂದು ಸಂಗ್ರಾಹಕರು ಸಣ್ಣ ಬೋರು, ಪುಡಿಯಂಥ ಛರ್ರಾ ಬಳಸುತ್ತಿದ್ದರು. ಕನ್ನಡಿಗರಿಗೆ ತೇಜಸ್ವಿಯವರ ಅನುವಾದಗಳಿಂದ ಮನೆಮಾತಾದ ಬೇಟೆಗಾರ ಕೆನೆತ್ ಆಂಡರ್ಸನ್ನರು (1910-1974) ಹುಟ್ಟಿದ್ದು ಇದೇ ನಗರದ ಬೊಲ್ಲಾರಂನಲ್ಲಿ. ಅವರೂ ಬರಬರುತ್ತ ಕಾಡಿನ ಪರವಾಗಿಯೇ ಮಾತಾಡಿದರು.

ಅಷ್ಟರಲ್ಲಿ ಹೊಲಗಳು ಬರಿದಾಗುತ್ತಿದ್ದುವು. ನಮ್ಮ ಎರೆಭೂಮಿಯ ಹೆಮ್ಮೆಯಾದ ಎರೆಭೂತ ಹಕ್ಕಿ ಇಂದು ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ. ಇದಕ್ಕೆ ಬಂದೂಕೊಂದೇ ಕಾರಣವಲ್ಲ. ಹುಲ್ಲುಗಾವಲು ಉಳುಮೆಗೆ ಹೋದದ್ದೂ ಕಾರಣ. ಆದರೂ ಬಂದೂಕು ನಿರಪರಾಧಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆ ಸಣ್ಣ ಬೇಟೆಗೆ ಪರವಾನಗಿಯ ಬಾಗಿಲನ್ನು ಸ್ವಲ್ಪ ತೆರೆದಿಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ಇಂದಿಗೂ ಹೂವಿಟ್ಟು ಪೂಜಿಸುತ್ತಾರೆ. ಆದರೆ ಕಾಡುಪ್ರಾಣಿಯ ಬೇಟೆ ಅಲ್ಲಿಯೂ ಇಲ್ಲ.

ಅಜ್ಜನವರು ಬಂದೂಕಿನ ಜೊತೆಗೆ ಒಂದು ಕಿರುಹೊತ್ತಗೆಯನ್ನೂ ಬಿಟ್ಟುಹೋಗಿದ್ದರು. ಹೋದ ಊರು, ನಡೆದ ದಾರಿ, ಹೊಡೆದ ಹಕ್ಕಿ, ತಪ್ಪಿದ ಹಕ್ಕಿ ಎಲ್ಲವನ್ನೂ ಅದರಲ್ಲಿ ಬರೆದಿದ್ದಾರೆ. ಕಚೇರಿಯಲ್ಲಿ ದಿನವಿಡೀ ಉರ್ದು ಬರೆದು ಬಂದವರು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕನ್ನಡದಲ್ಲಿ ಬರೆದದ್ದು ಅದೊಂದೇ. ಬಂದೂಕಿನ ಭಾಗಗಳಿಗೆಲ್ಲ ಉರ್ದು ಹೆಸರು. ಹಕ್ಕಿ, ಹುಲ್ಲು, ಹಳ್ಳಗಳಿಗೆಲ್ಲ ಕನ್ನಡದ್ದು. ಕೊನೆಕೊನೆಯ ಪುಟಗಳಲ್ಲಿ ಹೊಡೆದ ಲೆಕ್ಕ ಕಡಿಮೆಯಾಗುತ್ತ, ನೋಡಿದ ಲೆಕ್ಕ ಹೆಚ್ಚುತ್ತದೆ. ಒಂದು ಕಡೆ, ಗೌಜಲಹಕ್ಕಿ ಮರಿಗಳೊಡನೆ ದಾರಿ ದಾಟಿತೆಂದೂ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡೆನೆಂದೂ ಬರೆದಿದ್ದಾರೆ.

ಪರವಾನಗಿ ಹೊಂದಿದವರು ತೀರಿಕೊಂಡರೆ ವಾರಸುದಾರರು ಹೊಸ ಪರವಾನಗಿ ಪಡೆಯಬೇಕು, ಇಲ್ಲವೆ ಬಂದೂಕನ್ನು ಒಪ್ಪಿಸಬೇಕು. ನಮ್ಮಲ್ಲಿ ಒಬ್ಬರು ಮನೆತನದ ಗುರುತೆಂದು ಇಟ್ಟುಕೊಳ್ಳೋಣವೆಂದರು, ಒಬ್ಬರು ಮಾರೋಣವೆಂದರು. ಹಲಗಲಿಯವರು ಕೊಡಲೊಲ್ಲೆವೆಂದು ಪ್ರಾಣ ಕೊಟ್ಟ ವಸ್ತುವನ್ನು ನಾವು ಕೈಯಾರೆ ಒಯ್ದು ಕೊಡುವುದೇ ಎಂಬ ಅಳುಕೂ ಇತ್ತು. ಆದರೆ ಅವರು ಹೋರಾಡಿದ್ದು ಪರರ ಆಜ್ಞೆಯ ವಿರುದ್ಧ. ಇಂದಿನ ಕಾಯದೆ ನಮ್ಮದೇ. ಹೊಡೆಯಲು ಹಕ್ಕಿಯಿಲ್ಲದ, ಹಾಕಲು ತೋಟಾ ಇಲ್ಲದ ದುನಾಲಿಯನ್ನು ಕಳೆದ ವರ್ಷ ಆಯುಧಪೂಜೆ ಮಾಡಿ, ಮರುವಾರ ಠಾಣೆಗೆ ಒಪ್ಪಿಸಿ ರಸೀತಿ ಪಡೆದೆವು.

ಹೊತ್ತಗೆ ಮಾತ್ರ ನಮ್ಮಲ್ಲಿಯೇ ಇದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳು ತೆಲುಗು, ಹಿಂದಿ, ಇಂಗ್ಲಿಷ್ ಓದುತ್ತಾರೆ; ಅಜ್ಜನವರ ಅಕ್ಷರ ಅವರಿಗೆ ಬಾರದು. ಈ ನವೆಂಬರಿನಿಂದ ಭಾನುವಾರಕ್ಕೊಂದು ಪುಟದಂತೆ ಅವರಿಗೆ ಓದಿಸುತ್ತಿದ್ದೇವೆ. ಮೊದಲ ವಾರ ಅವರು ಕಲಿತ ಶಬ್ದ ‘ಲಾವಕ್ಕಿ’.