ತಾತಗುಣಿಯ ಚಿತ್ರಕಾರ: ರೋರಿಚ್ ಮತ್ತು ನಮ್ಮ ಕಲಾಶಿಕ್ಷಣ

ಬನಶಂಕರಿ, ಜೆ.ಪಿ. ನಗರಗಳ ಕಡೆಯಿಂದ ಕನಕಪುರ ರಸ್ತೆ ಹಿಡಿದು ಹೋದರೆ ತಾತಗುಣಿ ಸಿಗುತ್ತದೆ. ಅಲ್ಲಿನ ದೊಡ್ಡ ತೋಟಕ್ಕೆ ಜನರ ಬಾಯಲ್ಲಿ ದೇವಿಕಾರಾಣಿ ಎಸ್ಟೇಟ್ ಎಂದೇ ಹೆಸರು. 'ಬಾಂಬೆ ಟಾಕೀಸ್' ತಾರೆಯಾಗಿದ್ದ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರಲ್ಲಿ ಮೊದಲಿಗರಾದ ದೇವಿಕಾರಾಣಿಯವರನ್ನು ಹಿರಿಯರು ಬಲ್ಲರು. ಅವರ ಪತಿ, ಚಿತ್ರಕಲಾವಿದ ಸ್ವೆಟೊಸ್ಲಾವ್ ರೋರಿಚ್ ಅವರು ನಮ್ಮ ನಾಡಿನ ಕಲಾಶಿಕ್ಷಣಕ್ಕೆ ನೀಡಿದ ಬೆಂಬಲವನ್ನೂ ಈ ಭಾಗದ ಮಕ್ಕಳು ತಿಳಿಯಬೇಕು.

ರೋರಿಚ್ ಹುಟ್ಟಿದ್ದು 1904ರ ಅಕ್ಟೋಬರ್ 23ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ನಿಕೊಲಾಸ್ ರೋರಿಚ್ ಹೆಸರಾಂತ ಚಿತ್ರಕಾರರು. ರಷ್ಯಾದ ಕ್ರಾಂತಿಯ ಕಾಲದಲ್ಲಿ ತಾಯ್ನಾಡು ಬಿಟ್ಟ ಈ ಕುಟುಂಬ ಫಿನ್ಲೆಂಡ್, ಇಂಗ್ಲೆಂಡ್, ಅಮೆರಿಕಗಳನ್ನು ದಾಟಿ 1923ರಲ್ಲಿ ಭಾರತಕ್ಕೆ ಬಂತು. 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ 'ಉರುಸ್ವತಿ' ಎಂಬ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿತು. ಯುದ್ಧಕಾಲದಲ್ಲೂ ಕಲಾಕೃತಿ, ಸ್ಮಾರಕ, ವಿದ್ಯಾಸಂಸ್ಥೆಗಳನ್ನು ಕಾಪಾಡಬೇಕೆಂದು 1935ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾದ ಒಪ್ಪಂದಕ್ಕೆ ನಿಕೊಲಾಸ್ ಅವರದೇ ಹೆಸರಿದೆ. ಇಂಥ ಮನೆಯಲ್ಲಿ ಬೆಳೆದ ಮಗನಿಗೆ, ಚಿತ್ರ ಬರೆಯುವುದು ಎಷ್ಟು ಮುಖ್ಯವೋ ಪರಂಪರೆಯನ್ನು ಉಳಿಸುವುದೂ ಅಷ್ಟೇ ಮುಖ್ಯವಾಗಿತ್ತು.

1945ರಲ್ಲಿ ದೇವಿಕಾರಾಣಿಯವರನ್ನು ವಿವಾಹವಾದ ರೋರಿಚ್, ಕೆಲವು ವರ್ಷಗಳ ನಂತರ ಬೆಂಗಳೂರಿನಲ್ಲಿ ನೆಲೆಸಿದರು. ತಾತಗುಣಿಯಲ್ಲಿ 450 ಎಕರೆಗೂ ಮಿಕ್ಕ ಭೂಮಿಯಲ್ಲಿ ಸುಗಂಧ ತೈಲ ನೀಡುವ ಲಿನಾಲೋ ಮರಗಳನ್ನು ಬೆಳೆಸಿದರು. ಹಿಮಾಲಯದ ಶಿಖರಗಳನ್ನು ಬರೆದ ಕುಂಚ ಇಲ್ಲಿಗೆ ಬಂದಮೇಲೆ ದಕ್ಷಿಣದ ಕೆಂಪು ಮಣ್ಣನ್ನೂ ದುಡಿಯುವ ಜನರನ್ನೂ ಬರೆಯಿತು. ಅವರು ರಚಿಸಿದ ಜವಾಹರಲಾಲ್ ನೆಹರೂ ಅವರ ಭಾವಚಿತ್ರ ಸಂಸತ್ತಿನ ಸೆಂಟ್ರಲ್ ಹಾಲ್‌ಗೆ ಸೇರಿತು. 1961ರಲ್ಲಿ ಪದ್ಮಭೂಷಣ ಸಂದಿತು.

ಆ ವೇಳೆಗೆ ನಮ್ಮ ಸಾಂಪ್ರದಾಯಿಕ ಕಲೆಗಳು ಕಷ್ಟದಲ್ಲಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಕಲೆ ಪುಸ್ತಕದಿಂದ ಕಲಿಯುವಂಥದ್ದಲ್ಲ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡುವುದು, ಅಳಿಲಿನ ಕೂದಲಿನಿಂದ ಕುಂಚ ಕಟ್ಟುವುದು, ಆಭರಣಗಳ ಭಾಗವನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಅಂಟಿಸುವುದು, ಇವೆಲ್ಲ ಗುರುವಿನ ಪಕ್ಕದಲ್ಲಿ ಕುಳಿತು ಕೈಗೆ ಬರಬೇಕಾದ ವಿದ್ಯೆ. ಅರಮನೆಯ ಆಶ್ರಯ ತಪ್ಪಿದಾಗ ಕಲಿಯುವವರೂ ಕಡಿಮೆಯಾದರು. ತೊಗಲುಗೊಂಬೆಯ ಮೇಳಗಳದ್ದೂ ಇದೇ ಪಾಡು.

ಈ ಸ್ಥಿತಿಯಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಪ್ರೊ. ಎಂ.ಎಸ್. ನಂಜುಂಡರಾಯರ ಪರಿಶ್ರಮದಿಂದ ಬೆಳೆಯಿತು. ಮೈಸೂರು ಚಿತ್ರಗಳನ್ನು, ತೊಗಲುಗೊಂಬೆಗಳನ್ನು ಅವರು ಸಂಗ್ರಹಿಸಿದರು, ಕಲಾಶಾಲೆಯನ್ನೂ ನಡೆಸಿದರು. ರೋರಿಚ್ ಈ ಸಂಸ್ಥೆಯ ಬೆನ್ನಿಗೆ ನಿಂತರು. ತಮ್ಮ ಹಾಗೂ ತಂದೆಯವರ ಚಿತ್ರಗಳನ್ನು ಅದಕ್ಕೆ ಕೊಟ್ಟರು. ಕುಮಾರಕೃಪಾ ರಸ್ತೆಯ ಆವರಣದಲ್ಲಿ ಒಬ್ಬ ವಿದ್ಯಾರ್ಥಿ ರೋರಿಚ್ ಅವರ ಹಿಮಾಲಯವನ್ನೂ ಮೈಸೂರಿನ ದೇವತಾಚಿತ್ರವನ್ನೂ ಹಳ್ಳಿಯ ತೊಗಲುಗೊಂಬೆಯನ್ನೂ ಒಂದೇ ದಿನ ನೋಡಬಹುದು. ಜಗತ್ತು ಸುತ್ತಿದ ಕಲಾವಿದರ ಚಿತ್ರಕ್ಕೂ ಗೊಂಬೆರಾಮರ ಕೈಕೆಲಸಕ್ಕೂ ಅಲ್ಲಿ ಒಂದೇ ಸೂರು. ಕಲಾಶಿಕ್ಷಣಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ರೋರಿಚ್ 1993ರ ಜನವರಿ 30ರಂದು, ದೇವಿಕಾರಾಣಿ 1994ರ ಮಾರ್ಚ್ 9ರಂದು ನಿಧನರಾದರು. ಇಬ್ಬರ ಸಮಾಧಿಯೂ ತಾತಗುಣಿಯಲ್ಲಿದೆ. ಅವರಿಗೆ ಮಕ್ಕಳಿರಲಿಲ್ಲ. ಎಸ್ಟೇಟನ್ನು ಸಾರ್ವಜನಿಕ ಹಿತಕ್ಕಾಗಿ ವಹಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. ವ್ಯಾಜ್ಯ ದೀರ್ಘಕಾಲ ನಡೆದು, 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಅಂದರೆ ಈ ಆಸ್ತಿ ಈಗ ನಾಡಿನದು, ನಮ್ಮ ಮಕ್ಕಳದು.

ಇಲ್ಲಿ ನಮ್ಮ ಜವಾಬ್ದಾರಿಯೂ ಇದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಎಂದರೆ ಪರೀಕ್ಷೆ ಹತ್ತಿರ ಬಂದಾಗ ಗಣಿತಕ್ಕೆ ಬಿಟ್ಟುಕೊಡುವ ಅವಧಿ ಎಂಬ ಭಾವನೆ ಬೇರೂರಿದೆ. ಚಿತ್ರಕಲಾ ಶಿಕ್ಷಕರು ನಿವೃತ್ತರಾದರೆ ಆ ಹುದ್ದೆ ಬೇಗ ತುಂಬಬೇಕು. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಕಾಗದ, ಬಣ್ಣ ಸಿಗಬೇಕು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಪರಿಷತ್ತಿನ ಗ್ಯಾಲರಿಗೆ ಕರೆದೊಯ್ಯುವ ಖರ್ಚು ವಹಿಸಿಕೊಂಡರೆ, ಊರಿನವರು ಕೈಜೋಡಿಸಿದರೆ, ಐವತ್ತರ ಈ ಸಂಭ್ರಮ ಸಾರ್ಥಕವಾದೀತು. ಎಲ್ಲಿಂದಲೋ ಬಂದವರು ನಮ್ಮ ಕಲೆಯ ಬೆಲೆ ಅರಿತರು. ಇಲ್ಲೇ ಹುಟ್ಟಿದ ನಾವೂ ಅರಿಯೋಣ.