ನಕ್ಷೆಯ ಮೇಲಿನ ಹಸಿರು ಬಣ್ಣ

ಕಲ್ಯಾಣ ದಾಟಿ ಅಂಬರನಾಥದ ಕಡೆ ಹೋಗುವ ಲೋಕಲ್ಲಿಗೆ ಮೊದಲ ನಿಲ್ದಾಣವೇ ನಮ್ಮ ವಿಠ್ಠಲವಾಡಿ. ವಾಡಿ ಎಂದರೆ ಮರಾಠಿಯಲ್ಲಿ ಪುಟ್ಟ ಊರು. ಕೊಂಕಣದ ಕಡೆ ತೋಟಕ್ಕೂ ವಾಡಿ ಅನ್ನುತ್ತಾರೆ. ನಾನು ಬಂದು ಮೂವತ್ತು ವರ್ಷ ದಾಟಿತು. ಪುಟ್ಟ ಊರಂತೂ ಈಗ ಪುಟ್ಟದಾಗಿ ಉಳಿದಿಲ್ಲ, ತೋಟವನ್ನು ಮಾತ್ರ ಇನ್ನೂ ಹುಡುಕುತ್ತಿದ್ದೇನೆ!

ಈ ಹುಡುಕಾಟ ಶುರುವಾದದ್ದು ಹೋದ ತಿಂಗಳು ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ. ಹಿಂದುಗಡೆ ಒಂದು ಸಣ್ಣ ಬಯಲಿದೆ. ನಾಲ್ಕು ಅಶೋಕದ ಮರ, ಒಂದು ತುಕ್ಕು ಹಿಡಿದ ಜಾರುಬಂಡಿ, ಸಂಜೆ ಹೊತ್ತು ಮಕ್ಕಳ ಕ್ರಿಕೆಟ್. ಅದರ ಅರ್ಧಕ್ಕೆ ಸಿಮೆಂಟ್ ಹಾಕಿ ಪಾರ್ಕಿಂಗ್ ಮಾಡೋಣ ಎಂಬ ಸೂಚನೆ ಬಂತು. ನನ್ನ ಕಾರಿಗೂ ಜಾಗವಿಲ್ಲ, ದಿನಾ ರಸ್ತೆಯಲ್ಲೇ ನಿಲ್ಲಿಸುತ್ತೇನೆ. ಹೀಗಾಗಿ ಮನಸ್ಸು ಒಳಗೇ ಕುಣಿಯಿತು. ತೀರ್ಮಾನ ಮುಂದಿನ ಮೀಟಿಂಗಿಗೆ ಹೋಯಿತು ಎಂದು ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವಳು ಕೇಳಿದ್ದು ಒಂದೇ ಮಾತು: "ನೀವೂ ಕೈ ಎತ್ತಾವ್ರೇನ್ರೀ?"

ಉತ್ತರ ಕೊಡಲಿಲ್ಲ. ಸೊಸೈಟಿಯ ಫೈಲಿನಿಂದ ಮಂಜೂರಾದ ನಕ್ಷೆ ತರಿಸಿ ಬಿಚ್ಚಿ ನೋಡಿದೆ. ಆ ಬಯಲಿಗೆ ಹಸಿರು ಬಣ್ಣ ಬಳಿದು 'ಆರ್.ಜಿ.' ಎಂದು ಬರೆದಿದೆ. ಅಂದರೆ ಎಲ್ಲರೂ ಆಡಿ ಕೂಡಲು ಬಿಟ್ಟ ಜಾಗ. ಎಷ್ಟೋ ವರ್ಷ ಹೌಸಿಂಗ್ ಲೋನ್ ವಿಭಾಗದಲ್ಲಿ ಕೂತು ಇಂಥ ನೂರಾರು ನಕ್ಷೆ ನೋಡಿದ್ದೇನೆ. ಟೈಟಲ್ ಸರಿ ಇದೆಯೇ, ಸರ್ಚ್ ರಿಪೋರ್ಟ್ ಇದೆಯೇ, ಕಟ್ಟಲು ಪರವಾನಗಿ ಇದೆಯೇ ಎಂದು ನೋಡುತ್ತಿದ್ದೆ. ಹಸಿರು ಬಣ್ಣದ ಮೇಲೆ ಒಂದು ದಿನವೂ ಕಣ್ಣು ನಿಲ್ಲಿಸಿರಲಿಲ್ಲ. ಅದರ ಮೇಲೆ ಯಾರೂ ಸಾಲ ಕೇಳುವುದಿಲ್ಲವಲ್ಲ!

ನಮ್ಮ ಪಕ್ಕದ ಉಲ್ಲಾಸನಗರದ ಕಥೆ ನಿಮಗೆ ಗೊತ್ತಿರಬಹುದು. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಕ್ಯಾಂಪು ಅದು. ದೇಶ ವಿಭಜನೆಯಾದಾಗ ಸಿಂಧಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರನ್ನು ಅದೇ ಬ್ಯಾರಕ್ಕುಗಳಲ್ಲಿ ಇಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಬಂದು ಊರಿಗೆ ಉಲ್ಲಾಸನಗರ ಎಂದು ಹೆಸರಿಟ್ಟರು. ಕ್ಯಾಂಪು ಹೋದರೂ ಕ್ಯಾಂಪ್ ನಂಬರುಗಳು ಉಳಿದವು, ರಿಕ್ಷಾದವರಿಗೆ ಇಂದಿಗೂ ಅದೇ ವಿಳಾಸ. ಜನ ದುಡಿದು ಮೇಲೆ ಬಂದರು, ಬ್ಯಾರಕ್ಕಿದ್ದಲ್ಲಿ ಮಹಡಿ ಎದ್ದವು, ಪರವಾನಗಿ ಇಲ್ಲದೆಯೂ ಎದ್ದವು. ಹೈಕೋರ್ಟು ಕೆಡವಲು ಹೇಳಿದಾಗ ಸಾವಿರಾರು ಸಂಸಾರ ಬೀದಿಗೆ ಬೀಳುವ ಹೊತ್ತು. ಕಡೆಗೆ 2006ರಲ್ಲಿ ಮಹಾರಾಷ್ಟ್ರ ಸರಕಾರ ಆ ಒಂದು ಊರಿಗಾಗಿಯೇ ಕಾಯಿದೆ ತಂದು, ದಂಡ ಕಟ್ಟಿಸಿಕೊಂಡು ಕಟ್ಟಡ ಸಕ್ರಮ ಮಾಡುವ ದಾರಿ ತೆರೆಯಿತು. ಸೂರು ಕಳೆದುಕೊಳ್ಳುವವರ ಸಂಕಟ ನನಗೂ ಅರ್ಥವಾಗುತ್ತದೆ, ಅವರನ್ನು ದೂರುವುದಿಲ್ಲ. ಆದರೆ ದಂಡ ಕಟ್ಟಿದರೆ ಗೋಡೆ ಸಕ್ರಮವಾದೀತು, ಹೋದ ಬಯಲು ಮಾತ್ರ ಯಾವ ರಸೀದಿಗೂ ತಿರುಗಿ ಬಾರದು.

ಕಾಯಿದೆ ಇಲ್ಲವೆಂದಲ್ಲ. 1966ರ ಮಹಾರಾಷ್ಟ್ರ ನಗರ ಯೋಜನಾ ಕಾಯಿದೆ ಪ್ರಕಾರ ಪ್ರತಿ ಪಾಲಿಕೆಯೂ ಅಭಿವೃದ್ಧಿ ಯೋಜನೆ ಮಾಡಿ, ಉದ್ಯಾನಕ್ಕೆ ಇಷ್ಟು, ಶಾಲೆಗೆ ಇಷ್ಟು ಎಂದು ಜಾಗ ಕಾಯ್ದಿರಿಸಬೇಕು. ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಆದರೆ ಅದೇ ಕಾಯಿದೆಯ 127ನೇ ಕಲಮು ಓದಿದರೆ ಇನ್ನೊಂದು ಮಗ್ಗುಲು ಕಾಣುತ್ತದೆ. ಯೋಜನೆ ಜಾರಿಯಾಗಿ 10 ವರ್ಷದೊಳಗೆ ಜಾಗ ವಶಕ್ಕೆ ಬರದಿದ್ದರೆ ಮಾಲೀಕ ನೋಟೀಸು ಕೊಡಬಹುದು. ಆಮೇಲೂ ಗಡುವಿನೊಳಗೆ ಸ್ವಾಧೀನದ ಕೆಲಸ ನಡೆಯದಿದ್ದರೆ ಮೀಸಲು ತಾನೇ ಬಿದ್ದುಹೋಗುತ್ತದೆ. ಮೊದಲು ಆ ಗಡುವು 6 ತಿಂಗಳಿತ್ತು, ಈಗ 24 ತಿಂಗಳು. ಮಾಲೀಕನನ್ನು ಕೊನೆಯಿಲ್ಲದೆ ಕಾಯಿಸುವುದು ಅನ್ಯಾಯ, ಅದೂ ನಿಜ. ಅಂತೂ ಪಾರ್ಕು ಸಾಯಲು ಯಾರೂ ಕೊಡಲಿ ಎತ್ತಬೇಕಿಲ್ಲ, ಎಲ್ಲರೂ ಸುಮ್ಮನಿದ್ದರೆ ಸಾಕು.

ಸುಮ್ಮನಿರದವರ ಕಥೆಯೊಂದು ನಮ್ಮ ಬೆಂಗಳೂರಿನದೇ ಇದೆ. ಬ್ಯಾಂಕಿನ ವಕೀಲರೊಬ್ಬರು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗ. 1976ರಲ್ಲಿ ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಕೊಡುವ ಹಾಗೆ ಮುಖ್ಯಮಂತ್ರಿಗಳ ಮಟ್ಟದಿಂದಲೇ ಆದೇಶವಾಯಿತು, ಬಿಡಿಎ ಹಂಚಿಕೆ ಮಾಡಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಒಬ್ಬರೇ ನ್ಯಾಯಮೂರ್ತಿಗಳ ಮುಂದೆ ಸೋತರು, ಆಮೇಲೆ ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಎಂಬ ಆ ಮೊಕದ್ದಮೆಯ ತೀರ್ಪು ಬಂದದ್ದು 1991ರ ಜುಲೈನಲ್ಲಿ. ಆಗ ನಾನು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುತ್ತಿದ್ದೆ, ಸುದ್ದಿಯೇ ತಿಳಿಯಲಿಲ್ಲ.

ಆಸ್ಪತ್ರೆ ಕೆಟ್ಟದ್ದೇ? ನಾನೂ ವಕೀಲರನ್ನು ಹೀಗೇ ಕೇಳಿದ್ದೆ. ನ್ಯಾಯಮೂರ್ತಿ ತೊಮ್ಮನ್ ಮತ್ತು ನ್ಯಾಯಮೂರ್ತಿ ಸಹಾಯ್ ಅವರ ತೀರ್ಪಿನ ಸಾರ ಇಷ್ಟು. ಆಸ್ಪತ್ರೆ ಬೇಕು, ಆದರೆ ಪಾರ್ಕನ್ನು ತಿಂದು ಅಲ್ಲ. ಖಾಸಗಿ ನರ್ಸಿಂಗ್ ಹೋಮು ಸಾರ್ವಜನಿಕ ಉದ್ಯಾನಕ್ಕೆ ಬದಲಿಯಾಗದು. ಯೋಜನೆಯಲ್ಲಿ ಜನರಿಗೆಂದು ಬಿಟ್ಟ ಜಾಗವನ್ನು ಕಾಯಿದೆಯ ದಾರಿ ಬಿಟ್ಟು, ಎಷ್ಟೇ ದೊಡ್ಡವರಾದರೂ ಒಬ್ಬರ ಮಾತಿನ ಮೇಲೆ ಬದಲಿಸುವಂತಿಲ್ಲ. ಇದಕ್ಕಿಂತ ದೊಡ್ಡ ಮಾತೆಂದರೆ, ಪಾರ್ಕಿನ ಪಕ್ಕದಲ್ಲಿ ಬದುಕುವವನಿಗೆ ಪಾರ್ಕಿನ ಬಗ್ಗೆ ಕೇಳುವ ಹಕ್ಕಿದೆ ಎಂದು ಕೋರ್ಟು ಒಪ್ಪಿತು. ಗಿರಾಕಿ ಅಡವಿಟ್ಟ ಬಂಗಾರ ನಮ್ಮ ತಿಜೋರಿಯಲ್ಲಿ ಎಷ್ಟು ವರ್ಷ ಇದ್ದರೂ ಅದು ಮ್ಯಾನೇಜರನ ಆಸ್ತಿಯಲ್ಲ. ನನಗೆ ತಿಳಿದದ್ದು ಹೀಗೆ.

ಈಗ ನಮ್ಮ ಬಯಲಿನ ವಿಷಯ. ಮಹಾರಾಷ್ಟ್ರದಲ್ಲಿ ಮುಂಬಯಿ ಮಹಾನಗರ ಬಿಟ್ಟು ಹೆಚ್ಚಿನ ಊರುಗಳಿಗೆಲ್ಲ ಒಂದೇ ಎಂದು 2020ರಲ್ಲಿ ಬಂದ ಕಟ್ಟಡ ನಿಯಮಗಳಲ್ಲೂ, 4,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಜಾಗದಲ್ಲಿ ಶೇ. 10 ಭಾಗ ಬಯಲು ಬಿಡಬೇಕು ಎಂದಿದೆ. ಅದು ಎಲ್ಲ ನಿವಾಸಿಗಳಿಗೂ ಸೇರಿದ್ದು. ಮಂಜೂರಾದ ನಕ್ಷೆ ಬದಲಾಗಬೇಕಾದರೆ ಪಾಲಿಕೆಯ ಒಪ್ಪಿಗೆ ಬೇಕು, ಇಪ್ಪತ್ತು ಕೈ ಎದ್ದರೆ ಸಾಲದು. ಸಿಮೆಂಟ್ ಹಾಕಲು ಎರಡು ದಿನ ಸಾಕು, ಕೇಳುವವರು ಯಾರು ಎಂಬುದೇ ಪ್ರಶ್ನೆ. ಬೆಂಗಳೂರಿನಲ್ಲಿ ಕೇಳಿದವರು ಹೊರಗಿನವರ ಮೇಲೆ ಕೇಳಿದರು. ಇಲ್ಲಿ ನಾನು ಕೇಳಬೇಕಾದದ್ದು ನನ್ನ ಪಕ್ಕದ ಮನೆಯವರನ್ನು, ಅದಕ್ಕೂ ಮೊದಲು ನನ್ನನ್ನೇ.

ಮುಂದಿನ ಭಾನುವಾರ ಮೀಟಿಂಗು. ನಕ್ಷೆಯ ಝೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ, ಹಸಿರು ಭಾಗಕ್ಕೆ ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ನಾನೇ ಬಣ್ಣ ಹಚ್ಚಿದ್ದೇನೆ. ಒಂದಿಬ್ಬರ ಜೊತೆ ಮಾತು ಬಿಡುವುದೂ ಆದೀತು. ಕಾರು ರಸ್ತೆಯಲ್ಲೇ ನಿಲ್ಲಲಿ. ಮನೆಯವಳ ಪ್ರಶ್ನೆಗೆ ಅಂದು ಉತ್ತರ ಸಿಗುತ್ತದೆ.

ಮಿತ್ರರೇ, ನಿಮ್ಮ ಸೊಸೈಟಿಯ ನಕ್ಷೆಯನ್ನೂ ಒಮ್ಮೆ ಕಪಾಟಿನಿಂದ ಇಳಿಸಿ ಬಿಚ್ಚಿ ನೋಡಿ. ಹಸಿರು ಬಣ್ಣ ಬಳಿದಲ್ಲಿ ಈಗ ಏನಿದೆ?