ಕಾವೇರಿಯಲ್ಲಿ ಗಾಳಕ್ಕೆ ತಡೆ: ಬಿಳಿಮೀನಿನ ಹೆಸರಿನಲ್ಲಿ ನಡೆದ ವಾದ-ಪ್ರತಿವಾದ

ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಶಿವನಸಮುದ್ರದ ಜಲಪಾತಗಳಿಂದ ಇಳಿದ ಕಾವೇರಿ ಮಳವಳ್ಳಿ, ಕನಕಪುರ, ಕೊಳ್ಳೇಗಾಲ ಸೀಮೆಗಳ ಕಾಡನ್ನು ಸೀಳಿಕೊಂಡು ಮೇಕೆದಾಟಿನತ್ತ ಸಾಗುತ್ತದೆ. ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಎಂಬ ಮೂರು ಶಿಬಿರಗಳಿಂದಾಗಿ ಈ ಹರಿವು ದಶಕಗಳ ಕಾಲ ಜಗತ್ತಿನ ಗಾಳದ ಹವ್ಯಾಸಿಗಳ ಯಾತ್ರಾಸ್ಥಳವಾಗಿತ್ತು. ಅವರು ಅರಸಿ ಬರುತ್ತಿದ್ದುದು ಮಹಶೀರ್ ಮೀನನ್ನು. ನದಿತೀರದವರ ಬಾಯಲ್ಲಿ ಅದು ಬಿಳಿಮೀನು. 2012ರ ವೇಳೆಗೆ ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಸಂಪೂರ್ಣವಾಗಿ ನಿಂತಿತು. ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುತ್ತಿದ್ದ ತಮ್ಮನ್ನು ಬೇಟೆಗಾರರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ ಎಂಬುದು ಹವ್ಯಾಸಿಗಳ ಆಕ್ಷೇಪ. ಅಭಯಾರಣ್ಯದಲ್ಲಿ ಯಾರ ವಿನೋದಕ್ಕೂ ವಿನಾಯಿತಿ ಸಲ್ಲದು ಎಂಬುದು ಎದುರು ಪಕ್ಷದ ನಿಲುವು. ಈ ವಿವಾದದ ಹಿನ್ನೆಲೆ, ಕಾನೂನು ಮತ್ತು ವಿಜ್ಞಾನದ ವಿವರ ಇಲ್ಲಿದೆ.

ದಂಡು ಪ್ರದೇಶದಿಂದ ನದಿಗೆ

ಬೆಂಗಳೂರಿನಲ್ಲಿ ಗಾಳದ ಹವ್ಯಾಸ ಬೇರೂರಿದ್ದು ದಂಡು ಪ್ರದೇಶದ ಮೂಲಕ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೇನಾ ನೆಲೆ ಸ್ಥಾಪನೆಯಾದ ಬಳಿಕ ಬೇಟೆಯಂತೆ ಗಾಳವೂ ಅಧಿಕಾರಿಗಳ ಬಿಡುವಿನ ಕಾಲಕ್ಷೇಪವಾಯಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾಗಿ ಈ ವರ್ಗದ ಕೈಪಿಡಿಯಾಯಿತು. ಮೀನಿನ ಸಂತತಿಯನ್ನು ಕಾನೂನಿನ ಮೂಲಕ ಕಾಪಾಡಬೇಕೆಂದು ವಾದಿಸಿದವರಲ್ಲಿಯೂ ಥಾಮಸ್ ಒಬ್ಬರು. ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿದ ಭಾರತೀಯ ಮೀನುಗಾರಿಕೆ ಕಾಯ್ದೆ ಜಾರಿಗೆ ಬಂದದ್ದು 1897ರಲ್ಲಿ.

ಮೈಸೂರಿನ ಹೆಸರಾಂತ ಚರ್ಮಪ್ರಸಾಧನ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ 120 ಪೌಂಡ್ (ಸುಮಾರು 54 ಕಿಲೋ) ತೂಕದ ಮಹಶೀರ್ ಇಂದಿಗೂ ದಾಖಲೆಯಾಗಿ ಉಲ್ಲೇಖಗೊಳ್ಳುತ್ತಿದೆ. ಸ್ವಾತಂತ್ರ್ಯಾನಂತರ ಈ ಹವ್ಯಾಸ ಮಸುಕಾಯಿತು. ಅಣೆಕಟ್ಟುಗಳು ಮತ್ತು ತೋಟೆ ಸಿಡಿಸಿ ಮೀನು ಹಿಡಿಯುವವರ ಹಾವಳಿಯಿಂದ ದೊಡ್ಡ ಮಹಶೀರ್ ನಶಿಸಿಯೇ ಹೋಯಿತೆಂದು ಹಲವರು ನಂಬಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ಭಾರಿ ಗಾತ್ರದ ಮೀನುಗಳನ್ನು ಹಿಡಿದು ಸುದ್ದಿಯಾದ ನಂತರ ಹೊರಜಗತ್ತಿನ ಕಣ್ಣು ಮತ್ತೆ ಈ ನದಿಯ ಮೇಲೆ ಬಿತ್ತು.

ಮುಂದಿನ ವ್ಯವಸ್ಥೆಯ ಸೂತ್ರ ಬೆಂಗಳೂರಿನ ದಂಡು ಪ್ರದೇಶದಲ್ಲಿಯೇ ಇತ್ತು. 1972ರಲ್ಲಿ ಆರಂಭವಾದ, ರಿಚ್ಮಂಡ್ ರಸ್ತೆಯಲ್ಲಿ ಕಚೇರಿ ಹೊಂದಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘವು (ವಾಸಿ) ನದಿಯ ಒಂದು ಭಾಗದ ಗಾಳದ ಹಕ್ಕನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆಯಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಮೂರು ಶಿಬಿರಗಳನ್ನು ನಡೆಸಿತು. ಬಹುಕಾಲ ಎಂ.ಜಿ. ರಸ್ತೆಯ ಶೃಂಗಾರ್ ಶಾಪಿಂಗ್ ಸೆಂಟರ್‌ನಲ್ಲಿದ್ದ ಅದರ ಕಚೇರಿಯಲ್ಲಿಯೇ ವಿದೇಶಿ ಅತಿಥಿಗಳ ಕಾಯ್ದಿರಿಸುವಿಕೆ ನಡೆಯುತ್ತಿತ್ತು. ಕೊಡಗಿನಲ್ಲಿ ಇದೇ ಮಾದರಿಯನ್ನು ಕೊಡಗು ವನ್ಯಜೀವಿ ಸಂಘವು ವಾಲ್ನೂರು ಭಾಗದಲ್ಲಿ ಅನುಸರಿಸಿತು.

ಶಿಬಿರದ ನಿಯಮಗಳು

ಶಿಬಿರಗಳ ನಿಯಮ ಸರಳವಾಗಿತ್ತು. ಹಿಡಿದ ಮಹಶೀರನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನದಿಗೆ ಬಿಡಬೇಕು. ಗಾಳಕ್ಕೆ ಸಾಮಾನ್ಯವಾಗಿ ಬೇಯಿಸಿದ ರಾಗಿ ಹಿಟ್ಟಿನ ಗಟ್ಟಿ ಉಂಡೆ. ಕೆಲವೊಮ್ಮೆ ಏಡಿ ಅಥವಾ ಸಣ್ಣ ಮೀನು. ಹರಿಗೋಲು ನಡೆಸಲು, ಮಡುಗಳನ್ನು ತೋರಿಸಲು ಸ್ಥಳೀಯರೇ ಬೇಕು. ಹೀಗೆ ನೇಮಕಗೊಂಡ ಮಾರ್ಗದರ್ಶಕರಲ್ಲಿ, ಕಾವಲುಗಾರರಲ್ಲಿ ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರೂ ಇದ್ದರು. ಬಲೆ ಮತ್ತು ತೋಟೆಯಿಂದ ಬರುತ್ತಿದ್ದ ಆದಾಯಕ್ಕಿಂತ ಜೀವಂತ ಮೀನು ತರುವ ಸಂಬಳ ನಿಶ್ಚಿತವೆಂಬುದು ಈ ವ್ಯವಸ್ಥೆಯ ತಳಹದಿ.

ಗಾಳಗಾರರ ಮುಖ್ಯ ವಾದವೂ ಇದರ ಮೇಲೆಯೇ ನಿಂತಿದೆ. ಹಗಲಿಡೀ ನದಿಯ ಮೇಲೆ ಹರಿಗೋಲುಗಳಿದ್ದರೆ ತೋಟೆ ಸಿಡಿಸುವವರು ಹತ್ತಿರ ಸುಳಿಯುವುದಿಲ್ಲ. ಸಿಬ್ಬಂದಿ ಕೊರತೆಯಿರುವ ಇಲಾಖೆಗೆ ಇದು ವೆಚ್ಚವಿಲ್ಲದ ಕಾವಲು ಎಂದು ಅವರು ಪ್ರತಿಪಾದಿಸುತ್ತಾರೆ.

ಕಾನೂನಿನ ಒಳಸುಳಿ

ಈ ನದಿಭಾಗವು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ವ್ಯಾಪ್ತಿಯಲ್ಲಿದೆ. ನಂತರದ ವಿಸ್ತರಣೆಯಿಂದ ಧಾಮದ ವಿಸ್ತೀರ್ಣ ಒಂದು ಸಾವಿರ ಚದರ ಕಿಲೋಮೀಟರ್ ದಾಟಿದೆ. ಧಾಮವಾದ ಮೇಲೂ ಗಾಳ ಮುಂದುವರಿದಿತ್ತು. ತೊಡಕು ಬಿಗಿಯಾದದ್ದು ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ಕ್ಕೆ 2002ರಲ್ಲಿ ಆದ ತಿದ್ದುಪಡಿಯ ನಂತರ. 2003ರ ಏಪ್ರಿಲ್‌ನಿಂದ ಜಾರಿಗೆ ಬಂದ ಈ ತಿದ್ದುಪಡಿಯು ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಯೊಳಗೆ ಮೀನನ್ನು ಸ್ಪಷ್ಟವಾಗಿ ಸೇರಿಸಿತು. ಇದೇ ಕಾಯ್ದೆಯಲ್ಲಿ ಹಿಡಿಯುವುದು, ಬಲೆಗೆ ಬೀಳಿಸುವುದು ಎಲ್ಲವೂ ‘ಬೇಟೆ’ಯ ಅರ್ಥದಲ್ಲಿ ಬರುತ್ತವೆ, ಹಿಡಿದ ಮೇಲೆ ಬಿಟ್ಟರೆ ಬೇಟೆಯಲ್ಲ ಎಂಬ ವಿನಾಯಿತಿ ಅದರಲ್ಲಿಲ್ಲ.

ಗಾಳಗಾರರು ಇದಕ್ಕೆ ತಾಂತ್ರಿಕ ಉತ್ತರ ಕೊಡುತ್ತಾರೆ. ತಿದ್ದುಪಡಿಯಾದ ಕಾಯ್ದೆಯಂತೆ ಬೇಟೆಯ ನಿಷೇಧ ಅನ್ವಯಿಸುವುದು ಅನುಸೂಚಿಗಳಲ್ಲಿ ಹೆಸರಿಸಿದ ‘ಕಾಡುಪ್ರಾಣಿ’ಗಳಿಗೆ, ಮಹಶೀರ್ ಆಗ ಯಾವ ಅನುಸೂಚಿಯಲ್ಲಿಯೂ ಇರಲಿಲ್ಲ. ಆದರೆ ಧಾಮದೊಳಗೆ 29ನೇ ಕಲಂ ಅಡ್ಡ ಬರುತ್ತದೆ. ಧಾಮದಿಂದ ಯಾವುದೇ ವನ್ಯಜೀವಿಯನ್ನು ನಾಶಗೊಳಿಸುವುದು, ಅದನ್ನು ಬಳಸಿಕೊಳ್ಳುವುದು ಅಥವಾ ತೆಗೆಯುವುದು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ಸಲ್ಲದು. ವನ್ಯಜೀವಿಯ ಸುಧಾರಣೆ ಮತ್ತು ಉತ್ತಮ ನಿರ್ವಹಣೆಗೆ ಅಗತ್ಯವೆಂದು ಸರ್ಕಾರಕ್ಕೆ ಮನವರಿಕೆಯಾಗದೆ ಆ ಅನುಮತಿಯನ್ನೂ ಕೊಡುವಂತಿಲ್ಲ. ಅಲ್ಲಿ ಅನುಸೂಚಿಯ ಪ್ರಶ್ನೆಯೇ ಏಳುವುದಿಲ್ಲ. ಮೀನುಗಾರಿಕೆ ಇಲಾಖೆಯ ಪರವಾನಗಿಯ ಮೇಲೆ ನಡೆದು ಬಂದ ಹವ್ಯಾಸವೊಂದು ಹೀಗೆ ಅರಣ್ಯ ಕಾನೂನಿನ ಎದುರು ನಿಲ್ಲಲಾಗದೆ ಹೋಯಿತು.

ಎದುರು ಪಕ್ಷದ ಆಕ್ಷೇಪಗಳು

ನಿಷೇಧವನ್ನು ಬೆಂಬಲಿಸುವವರ ವಾದಗಳನ್ನು ತಳ್ಳಿಹಾಕುವಂತಿಲ್ಲ. ಬೇಸಿಗೆಯಲ್ಲಿ ಆನೆ ಮೊದಲಾದ ಪ್ರಾಣಿಗಳಿಗೆ ನದಿತೀರವೇ ಆಸರೆ. ನೀರುನಾಯಿ, ಮೊಸಳೆಗಳ ನೆಲೆಯೂ ಅದೇ. ಅಲ್ಲಿ ಹಗಲಿಡೀ ಮನುಷ್ಯರ ಓಡಾಟ ಸಲ್ಲದು ಎಂಬುದು ಮೊದಲ ಆಕ್ಷೇಪ. ತೀರದ ಹಳ್ಳಿಗ ಊಟಕ್ಕೆಂದು ಬಲೆ ಬೀಸಿದರೆ ಮೊಕದ್ದಮೆ, ಹಣವಂತ ಪ್ರವಾಸಿ ವಿನೋದಕ್ಕೆಂದು ಗಾಳ ಹಾಕಿದರೆ ಆತಿಥ್ಯ ಎಂಬ ತಾರತಮ್ಯ ಎರಡನೆಯದು. ಕೊಕ್ಕೆಗೆ ಸಿಕ್ಕು ಬಹುಹೊತ್ತು ಸೆಣಸಿದ ಮೀನು ಬಿಟ್ಟ ಮೇಲೆ ಬದುಕೀತೇ ಎಂಬ ಪ್ರಶ್ನೆ ಮೂರನೆಯದು.

ಕೊನೆಯ ಪ್ರಶ್ನೆ ಕಾವೇರಿಗಷ್ಟೇ ಸೀಮಿತವಲ್ಲ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ 2009ರಿಂದ ಪ್ರಾಣಿದಯೆಯ ಆಧಾರದಲ್ಲಿ ನಿಷೇಧಿಸಿದೆ. ಸಮುದ್ರದ ಗಾಳಗಾರರೂ ಸರ್ಕಾರಗಳೊಡನೆ ಜಗಳವಾಡಿದ್ದಾರೆ. ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ ರೆಡ್ ಸ್ನ್ಯಾಪರ್ ಮೀನಿಗೆ 2017ರಲ್ಲಿ ಖಾಸಗಿ ದೋಣಿಗಳ ಹವ್ಯಾಸಿಗಳಿಗೆ ಫೆಡರಲ್ ಜಲಪ್ರದೇಶದಲ್ಲಿ ಕೇವಲ 3 ದಿನಗಳ ಋತುವನ್ನು ನಿಗದಿಪಡಿಸಿದಾಗ ಎದ್ದ ವಿರೋಧಕ್ಕೆ ಮಣಿದ ಆಡಳಿತ ಅದಕ್ಕೆ ಮತ್ತೆ 39 ದಿನಗಳನ್ನು ಸೇರಿಸಿತು. ಯೂರೋಪಿನಲ್ಲಿ ಸೀ ಬಾಸ್ ಮೀನಿನ ಸಂಖ್ಯೆ ಕುಸಿದಾಗ 2016ರ ಮೊದಲ ಆರು ತಿಂಗಳು ಉತ್ತರ ಭಾಗದ ಹವ್ಯಾಸಿಗಳು ಹಿಡಿದ ಮೀನನ್ನು ಬಿಡಲೇಬೇಕೆಂದು ಆದೇಶವಾಯಿತು. ದೊಡ್ಡ ಬಲೆಗಳ ತಪ್ಪಿಗೆ ತಮ್ಮನ್ನು ದಂಡಿಸಲಾಗುತ್ತಿದೆ ಎಂದು ಅವರು ದೂರಿದರು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮಳೆಗಾಲದ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಅನ್ವಯಿಸುವಂಥದ್ದು. ದಡದಲ್ಲಿ ನಿಂತು ಗಾಳ ಹಾಕುವವನನ್ನು ಅದು ಬಾಧಿಸುವುದಿಲ್ಲ. ಆದ್ದರಿಂದ ರಾಜ್ಯದಲ್ಲಿ ಇಂಥ ವಿವಾದ ಹುಟ್ಟಿದ್ದು ಕಡಲಿನಲ್ಲಲ್ಲ, ಕಾವೇರಿಯಲ್ಲಿ.

ಗಾಳಿಬೋರೆಯ ದಾಖಲೆ ಪುಸ್ತಕ

ಈ ವಾದಗಳ ನಡುವೆ ಅನಿರೀಕ್ಷಿತ ಸಾಕ್ಷಿಯಾಗಿ ಬಂದದ್ದು ಗಾಳಿಬೋರೆ ಶಿಬಿರದ ದಾಖಲೆ ಪುಸ್ತಕ. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ತೂಕದ ಮೀನು ಸಿಕ್ಕಿತು ಎಂಬುದನ್ನು ಅಲ್ಲಿ ಬರೆದಿಡಲಾಗುತ್ತಿತ್ತು. ಬ್ರಿಟನ್ನಿನ ಮೀನು ವಿಜ್ಞಾನಿ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಹಾಗೂ ಸಂಗಡಿಗರು 1998ರಿಂದ 2012ರವರೆಗಿನ ಈ ದಾಖಲೆಗಳನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್‌ಗಳು ಸಿಕ್ಕಿದ್ದವು. ಅತಿ ದೊಡ್ಡದರ ತೂಕ 46.8 ಕಿಲೋ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ಗಾತ್ರ ಇಳಿದಿತ್ತು. ಹೊಸ ಪೀಳಿಗೆಯ ಮೀನುಗಳು ಬೆಳೆದು ಬರುತ್ತಿರುವುದರ ಸೂಚನೆ ಅದು. ಕಾವಲು ಫಲ ಕೊಟ್ಟಿದೆ ಎಂಬ ಗಾಳಗಾರರ ಮಾತಿಗೆ ಇದು ಬಲ ತಂದಿತು.

ಅದೇ ಪುಸ್ತಕ ಅವರಿಗೆ ಕಹಿ ಸತ್ಯವೊಂದನ್ನೂ ತೋರಿಸಿತು. ಹೆಚ್ಚುತ್ತಿದ್ದುದು ನೀಲಿ ಈಜುರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳಾದಲ್ಲಿರುವ ಟಾಟಾ ಪವರ್ ಮರಿ ಉತ್ಪಾದನಾ ಕೇಂದ್ರದ ತಳಿಯಿಂದ ಬಂದದ್ದು. ಸಂತತಿ ಹೆಚ್ಚಿಸುವ ಸದುದ್ದೇಶದಿಂದ ಅದರ ಮರಿಗಳನ್ನು ನದಿಗೆ ಬಿಡಲಾಗಿತ್ತು. ಕಾವೇರಿಗೆ ಕೀರ್ತಿ ತಂದ, ಬೆನ್ನಿನ ಮೇಲೆ ಡುಬ್ಬವಿರುವ, ಕಿತ್ತಳೆ ಈಜುರೆಕ್ಕೆಯ ಮೂಲ ಮಹಶೀರ್ ಮಾತ್ರ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿತ್ತು. ನದಿಯಲ್ಲಿ ಮೀನು ತುಂಬಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದ ವರ್ಷಗಳಲ್ಲಿಯೇ ಅದು ಕಣ್ಮರೆಯಾಗತೊಡಗಿತ್ತು.

ಆ ಮೀನಿಗೆ ಆಗಿನ್ನೂ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ವರ್ಣಿಸಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಪ್ರಭೇದವೇ ಈ ಡುಬ್ಬದ ಮಹಶೀರ್ ಎಂಬುದು 2018ರಲ್ಲಿ ದೃಢಪಟ್ಟಿತು. ಹೆಸರು ಖಚಿತವಾದದ್ದೇ ತಡ, ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ನಿಷೇಧದ ನಂತರ

ಗಾಳ ನಿಂತೊಡನೆ ದಾಖಲೆಯೂ ನಿಂತಿತು. ಹದಿನಾಲ್ಕು-ಹದಿನೈದು ವರ್ಷ ಒಂದೇ ಸ್ಥಳದಲ್ಲಿ, ಒಂದೇ ವಿಧಾನದಲ್ಲಿ ಸಂಗ್ರಹವಾದ ಇಂತಹ ಮಾಹಿತಿ ಭಾರತದ ಸಿಹಿನೀರಿನ ಮೀನುಗಳ ಮಟ್ಟಿಗೆ ಅಪರೂಪ. ಪಿಂಡರ್ ಮತ್ತು ರಾಘವನ್ 2013ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಮಹಶೀರ್ ರಕ್ಷಣೆಯಲ್ಲಿ ಹವ್ಯಾಸಿ ಗಾಳಗಾರಿಕೆಯ ಸಕಾರಾತ್ಮಕ ಪಾತ್ರವನ್ನು ಎತ್ತಿ ಹಿಡಿದಿದ್ದರು. ಗಾಳಗಾರರ ಪಾಲಿಗೆ ಅದು ಪ್ರಮುಖ ಆಧಾರ.

ನಗರದ ಪೂರ್ವಭಾಗದ ಹವ್ಯಾಸಿಗೆ ಹತ್ತಿರದ ಪರ್ಯಾಯಗಳೂ ಕಡಿಮೆ. ಕೆರೆಗಳ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗುವಂಥದ್ದು. ನೀರಿನ ಸ್ಥಿತಿಯೂ ಆಶಾದಾಯಕವಲ್ಲ: 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು.

ಕಾವೇರಿಯೊಡನೆ ಈ ಬಡಾವಣೆಗಳ ನಂಟು ಗಾಳದವರಿಗಷ್ಟೇ ಸೇರಿದ್ದೂ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಯೋಜನೆ, ಮಹದೇವಪುರ ಭಾಗವೂ ಸೇರಿದಂತೆ ನಗರದಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಒದಗಿಸಲು ರೂಪುಗೊಂಡದ್ದು. ಆ ನೀರನ್ನು ಎತ್ತುವುದು ಮಹಶೀರ್ ನೆಲೆಗಿಂತ ಮೇಲಿನ ಹರಿವಿನಿಂದ. ಪ್ರಸ್ತಾವಿತ ಮೇಕೆದಾಟು ಜಲಾಶಯ ನಿರ್ಮಾಣವಾದರೆ ಮೀನಿನ ಮಡುಗಳೂ ಧಾಮದ ಕಾಡಿನ ದೊಡ್ಡ ಭಾಗವೂ ಮುಳುಗಡೆಯಾಗಲಿವೆ. ಮಹಶೀರ್‌ಗೆ ಹರಿಯುವ ನೀರು, ಕಲ್ಲುಬಂಡೆಗಳ ಝರಿ ಬೇಕು. ನಿಂತ ನೀರು ಅದಕ್ಕೆ ಒಗ್ಗುವುದಿಲ್ಲ.

ಉಭಯ ಪಕ್ಷಗಳೂ ಒಪ್ಪಬಹುದಾದ ದಾರಿ 29ನೇ ಕಲಮಿನೊಳಗೇ ಇದೆ. ವಿನೋದದ ಗಾಳಕ್ಕೆ ಅಲ್ಲಿ ಅವಕಾಶ ಕಿರಿದು. ಆದರೆ ವನ್ಯಜೀವಿಯ ಉತ್ತಮ ನಿರ್ವಹಣೆಗೆಂದು ಅರಣ್ಯ ಇಲಾಖೆಯ ಉಸ್ತುವಾರಿಯಲ್ಲಿ, ವಿಜ್ಞಾನಿಗಳು ನಿಗದಿಪಡಿಸಿದ ಸ್ಥಳ ಮತ್ತು ಅವಧಿಯಲ್ಲಿ, ಅನುಭವಿ ಗಾಳಗಾರರು ಹಾಗೂ ಹರಿಗೋಲಿನ ಮಾರ್ಗದರ್ಶಕರ ನೆರವಿನಿಂದ ಮೀನಿನ ಸಮೀಕ್ಷೆ ನಡೆಸಲು ಕಾನೂನಿನ ಬಾಗಿಲು ಮುಚ್ಚಿಲ್ಲ. ಕಾವೇರಿಗೆ ಹೊರಗಿನ ತಳಿಯ ಮರಿಗಳನ್ನು ಬಿಡದಿರುವುದು ಇದರ ಜೊತೆಗೇ ಆಗಬೇಕಾದ ಕೆಲಸ. ಗಾಳದ ಹಕ್ಕು ಯಾರದೆಂಬ ತೀರ್ಮಾನ ಇನ್ನಷ್ಟು ಕಾಲ ಕಾಯಬಹುದು. ಗಾಳಿಬೋರೆಯ ಮಡುಗಳಲ್ಲಿ ಡುಬ್ಬದ ಮಹಶೀರ್ ಎಷ್ಟು ಉಳಿದಿದೆ ಎಂಬ ಎಣಿಕೆಗೆ ಅಷ್ಟು ಕಾಲಾವಕಾಶವಿಲ್ಲ.